ಒಂದು ಬಡಿದರೆ ನಿಲ್ಲಬೇಕು

ಹಾರ್ನ್ ಕೇಳಿಯೇ ಬಂದ ಲಾರಿ ಯಾರದೆಂದು ಹೇಳಬಹುದಾಗಿದ್ದ ಕಾಲವದು. ಬೈರಿದೇವರಕೊಪ್ಪದಲ್ಲಿ ಆಗ ಇಷ್ಟೊಂದು ಮನೆಗಳಿರಲಿಲ್ಲ. ನಮ್ಮ ಓಣಿ ಮುಗಿದ ಕೂಡಲೇ ಜೋಳದ ಹೊಲ ಶುರುವಾಗುತ್ತಿತ್ತು. ಮನೆಯ ಮುಂದೆ ಒಂದು ಲಾರಿ ತಿರುಗಿಸಿ ನಿಲ್ಲಿಸುವಷ್ಟು ಬಯಲಿತ್ತು. ಆ ಬಯಲಿನ ಕರಿಮಣ್ಣಿಗೆ ಡೀಸೆಲ್ಲು, ಎಣ್ಣೆ ಸೋರಿ ಸೋರಿ ಒಂದು ಕಡೆ ಹುಲ್ಲೇ ಹುಟ್ಟುತ್ತಿರಲಿಲ್ಲ. ಅದು ಅಪ್ಪನ ಲಾರಿಯ ಜಾಗ. ಅಪ್ಪ ಊರಲ್ಲಿಲ್ಲದಾಗ, ಅಂದರೆ ತಿಂಗಳಲ್ಲಿ ಇಪ್ಪತ್ತು ದಿನ, ನಾನು ಅಲ್ಲಿ ಕುಕ್ಕುರುಗಾಲಿನಲ್ಲಿ ಕೂತು ಮಣ್ಣು ಮೂಸುತ್ತಿದ್ದೆ. ಓದುವವರು ನಗಬಹುದು. ನಗಲಿ. ಅವರವರ ಅಪ್ಪಂದಿರು ದಿನಾ ಸಂಜೆ ಆರಕ್ಕೆ ಮನೆಗೆ ಬರುತ್ತಿದ್ದಿರಬೇಕು.

ನನಗೆ ಏಳು ವರ್ಷವಿದ್ದಾಗ ಅವ್ವ ತೀರಿಕೊಂಡಳು. ಮನೆಯಲ್ಲಿ ಉಳಿದವರು ನಾನು ಮತ್ತು ಅಪ್ಪನ ಅಕ್ಕ ಗಂಗತ್ತಿ. ಅತ್ತಿ ಕೆಟ್ಟವಳಲ್ಲ. ಹೊತ್ತಿಗೆ ಸರಿಯಾಗಿ ಬಿಸಿ ರೊಟ್ಟಿ ಬಡಿಯುತ್ತಿದ್ದಳು, ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆಯುತ್ತಿದ್ದಳು. ಆದರೆ ಅವಳಿಗೆ ಎರಡೂ ಕಿವಿ ಮಂದ. ಏನು ಹೇಳಬೇಕಾದರೂ ಕೂಗಬೇಕು. ಕೂಗಿ ಹೇಳುವಂಥ ಮಾತುಗಳು ಒಂದು ಮನೆಯಲ್ಲಿ ಎಷ್ಟಿರುತ್ತವೆ? ಹಾಲು ಉಕ್ಕಾಕತ್ತೈತಿ, ಬಾಗಿಲಾ ಹಾಕ್ಲೇನು, ಹಸಿವಿ ಆಗೇತಿ. ಮುಗಿಯಿತು. ನನಗೆ ಬೇಜಾರಾಗಿದೆ, ಅವ್ವ ನೆನಪಾಗಿದ್ದಾಳೆ ಎಂಬುದನ್ನು ಓಣಿಗೆಲ್ಲ ಕೇಳುವಂತೆ ಕೂಗಲು ಯಾರಿಗೆ ಬರುತ್ತದೆ? ಹೀಗಾಗಿ ಆ ಮನೆಯಲ್ಲಿ ಮಾತೇ ಇರಲಿಲ್ಲ. ಹಂಚಿನ ಮೇಲೆ ಗುಬ್ಬಿ ಓಡಾಡಿದರೆ ಒಳಗೆ ಕೇಳುತ್ತಿತ್ತು.

ಬೇಸಿಗೆ ರಜೆ ಬಂದರೆ ಇನ್ನೂ ಕಷ್ಟ. ಓಣಿಯ ಹುಡುಗಿಯರೆಲ್ಲ ತಾಯಿಯ ತವರಿಗೆ ಹೋಗಿಬಿಡುತ್ತಿದ್ದರು. ನನಗೆ ಅಂಥ ಊರಿರಲಿಲ್ಲ. ಕಟ್ಟೆಯ ಮೇಲೆ ಸುಣ್ಣದಿಂದ ಚೌಕಾಬಾರಾ ಮನೆ ಬರೆದು ನಾಲ್ವರ ಆಟವನ್ನೂ ನಾನೊಬ್ಬಳೇ ಆಡುತ್ತಿದ್ದೆ. ಬಳೆಚೂರು ನನ್ನದು, ಹುಣಸೆಬೀಜ ಅಪ್ಪನದು, ಹರಳು ಅತ್ತಿಯದು, ಗುಲಗಂಜಿ ಅವ್ವನದು. ನಾಲ್ಕೂ ಕಾಯಿ ನಡೆಸುವವಳು ನಾನೇ ಆದರೂ ಎಷ್ಟೋ ಸಲ ನಾನು ಸೋಲುತ್ತಿದ್ದೆ.

ಅದು ನನಗೆ ಹನ್ನೊಂದು ವರ್ಷವಿದ್ದಾಗಿನ ಬೇಸಿಗೆ. ಒಂದು ಮುಂಜಾನೆ ಅಪ್ಪನ ಲಾರಿ ಎರಡು ಸಲ ಹಾರ್ನ್ ಹೊಡೆದು ಬಯಲಿಗೆ ಬಂತು. ನಿಂತ ಜಾಗದಲ್ಲಿ ಮುಂದಿನ ಗಾಲಿಯ ಹತ್ತಿರ ಕೆಂಪು ಎಣ್ಣೆ ತೊಟ್ಟಿಕ್ಕುತ್ತಿತ್ತು. ಅದು ಸಾಹುಕಾರರ ಲಾರಿ, ಅಪ್ಪ ಅದರ ಡ್ರೈವರ್. ಮೂತಿ ಮುಂದಕ್ಕೆ ಚಾಚಿದ, ಮೇಲೆ ಎತ್ತುವ ಬಾನೆಟ್ಟಿನ ಹಳೆಯ ಗಾಡಿ. ಅಪ್ಪನ ಬಲ ಭುಜ ನೋಯಲು ಶುರುವಾದ ಮೇಲೆ, ಇವನು ಬಿಟ್ಟುಹೋದರೆ ಇಂಥ ಡ್ರೈವರ್ ಸಿಗಲಿಕ್ಕಿಲ್ಲವೆಂದು ಸಾಹುಕಾರರು ಅದಕ್ಕೆ ಪವರ್ ಸ್ಟೇರಿಂಗ್ ಕೂಡಿಸಿದ್ದರು. ಆಗ ನಮ್ಮ ಕಡೆ ಅದು ದೊಡ್ಡ ಸುದ್ದಿ. ಎಣ್ಣೆಯ ಬಲದಿಂದ ಸ್ಟೇರಿಂಗ್ ತಿರುಗುತ್ತದೆ, ಒಂದೇ ಬೆರಳು ಸಾಕು ಎಂದು ನಾನು ಸಾಲಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದೆ. ಈಗ ಆ ಎಣ್ಣೆ ಹರಿಯುವ ಪೈಪು ಒಡೆದಿತ್ತು.

ಗ್ಯಾರೇಜಿನಲ್ಲಿ ಆಗಲೇ ಐದಾರು ಗಾಡಿ ಸಾಲಾಗಿ ನಿಂತಿದ್ದವಂತೆ. ಅಪ್ಪ ಹೊಸ ಪೈಪು, ಎಣ್ಣೆ ಡಬ್ಬಿ ಕೊಂಡು ಮನೆಗೇ ಬಂದಿದ್ದ. ಕ್ಲೀನರ್ ಹನುಮಂತ ಅಕ್ಕನ ಮದುವೆಗೆಂದು ಊರಿಗೆ ಹೋಗಿದ್ದ. ಪೈಪು ಕೂಡಿಸುವುದು ಒಬ್ಬರ ಕೆಲಸ. ಆಮೇಲೆ ಒಳಗೆ ಸೇರಿದ ಗಾಳಿಯನ್ನು ತೆಗೆಯಲು ಮಾತ್ರ ಇಬ್ಬರು ಬೇಕು, ಒಬ್ಬರು ಸ್ಟೇರಿಂಗ್ ತಿರುಗಿಸಬೇಕು, ಒಬ್ಬರು ಎಣ್ಣೆಯ ಡಬ್ಬಿ ನೋಡಬೇಕು.

ಅಪ್ಪ ಆಚೆ ಈಚೆ ನೋಡಿದ. ಅತ್ತಿ ಹಿತ್ತಲಲ್ಲಿ ಸಂಡಿಗಿ ಇಡುತ್ತಿದ್ದಳು. ನಾನು ಕಟ್ಟೆಯ ಮೇಲೆ ನಾಲ್ವರ ಆಟ ಆಡುತ್ತಿದ್ದೆ.

"ಅವ್ವಿ, ಬಾ ಇಲ್ಲೆ. ನಿನ್ನ ಕಡಿಂದ ಒಂದ್ ಕೆಲಸ ಐತಿ." ಅಪ್ಪ ನನ್ನನ್ನು ಅವ್ವಿ ಎಂದೇ ಕರೆಯುತ್ತಿದ್ದ.

ಅಪ್ಪ ಹಿಂದಿನ ಗಾಲಿಗೆ ಕಲ್ಲು ಕೊಟ್ಟು, ಮುಂದಿನ ಅಚ್ಚಿಗೆ ಜಾಕ್ ಹಚ್ಚಿ ಎತ್ತಿ, ಕೆಳಗೆ ಮರದ ದಿಮ್ಮಿ ಇಟ್ಟ. ಗಾಲಿಗಳೆರಡೂ ನೆಲ ಬಿಟ್ಟು ನಿಂತವು. ಬಾನೆಟ್ ಎತ್ತಿ, ಬಂಪರಿನ ಮೇಲೆ ಗೋಣಿಚೀಲ ಮಡಚಿಟ್ಟು ನನ್ನನ್ನು ನಿಲ್ಲಿಸಿದ. ಎದುರಿಗೆ ಒಂದು ಕರಿ ಡಬ್ಬಿ, ಅದರೊಳಗೆ ಕುಂಕುಮದ ನೀರಿನಂಥ ಎಣ್ಣೆ.

"ನಾ ಒಳಗ ಕುಂತು ಸ್ಟೇರಿಂಗ್ ಈ ಕಡಿ ತುದಿಯಿಂದ ಆ ಕಡಿ ತುದಿ ತನಾ ಸಾವಕಾಶ ತಿರುಗಸ್ತೇನಿ. ಎಣ್ಯಾಗ ಗುಳ್ಳಿ ಬರ್ತಾವ. ಅದ ಗಾಳಿ. ಎಣ್ಣಿ ಇಳದ್ರ ಈ ಹೊಸಾ ಡಬ್ಬ್ಯಾಗಿಂದು ಸುರುವು."

"ನಿನಗ ನಾ ಕಾಣೂದಿಲ್ಲಲ್ಲಪ್ಪಾ. ಬಾನೆಟ್ಟ ಅಡ್ಡ ಬರ್ತೈತಿ."

"ಕಾಣೂದ್ಯಾಕ ಬೇಕು? ಹನುಮಂತ ಮಾಡಿದಂಗ ಮಾಡು. ಗುಳ್ಳಿ ಇದ್ರ ಮಡ್ಗಾರ್ಡ್ ಮ್ಯಾಲ ಒಂದ್ ಸಲ ಬಡಿ. ಗಾಡಿ ಇಲ್ಲೇ ನಿಂದರ್ತೈತಿ, ನಾ ಇನ್ನಷ್ಟು ತಿರುಗಸ್ತೇನಿ. ಗುಳ್ಳಿ ಎಲ್ಲಾ ಹೋದುವಂದ್ರ ಎರಡ್ ಸಲ ಬಡಿ."

ಲಾರಿ, ಬಸ್ಸು ಬಲ್ಲ ಯಾರಿಗಾದರೂ ಈ ಭಾಷೆ ಗೊತ್ತು. ತಗಡಿನ ಮೇಲೆ ಒಂದು ಬಡಿದರೆ ನಿಲ್ಲಬೇಕು, ಎರಡು ಬಡಿದರೆ ನಡೆಯಬೇಕು. ಡ್ರೈವರ್ ಹಿಂತಿರುಗಿ ನೋಡುವುದಿಲ್ಲ, ಯಾಕೆಂದು ಕೇಳುವುದಿಲ್ಲ. ಹಿಂದೆ ಇದ್ದವನ ಅಂಗೈ ಹೇಳಿದ್ದೇ ಕೊನೆ. ಆ ಅಧಿಕಾರವನ್ನು ಅಪ್ಪ ಅಂದು ನನ್ನ ಅಂಗೈಗೆ ಕೊಟ್ಟ. ನಾನು ಲಂಗಕ್ಕೆ ಕೈ ಒರೆಸಿಕೊಂಡೆ.

ಮೊದಲು ಎಂಜಿನ್ ಹಚ್ಚದೇ ತಿರುಗಿಸಿದ. ಡಬ್ಬಿಯಲ್ಲಿ ಬುಳುಬುಳು ಗುಳ್ಳೆ ಎದ್ದವು, ದೊಡ್ಡವು, ಗೋಲಿಯಷ್ಟು. ಒಂದು ಬಡಿದೆ. ಮತ್ತೆ ತಿರುಗಿಸಿದ. ಮತ್ತೆ ಬಡಿದೆ. ಎಣ್ಣೆ ಇಳಿದಂತೆ ಸುರುವಿದೆ. ಸಂಜೆಯ ಹೊತ್ತಿಗೆ ಎಂಜಿನ್ ಹಚ್ಚಿ ತಿರುಗಿಸಿದಾಗ ಎಣ್ಣೆಯೆಲ್ಲ ನೊರೆಯಾಗಿ ಕೆಂಪು ಮಜ್ಜಿಗೆಯಂತಾಯಿತು. ಕೆಳಗೆಲ್ಲೋ ಪಂಪು ಕುಂಯ್ ಎಂದು ಅಳುತ್ತಿತ್ತು.

"ಇವತ್ತಿಗೆ ಸಾಕು. ರಾತ್ರಿ ನಿಂತ್ರ ಗಾಳಿ ತಾನ ಮ್ಯಾಲ ಬರ್ತೈತಿ," ಅಂದ ಅಪ್ಪ.

ಆ ಸಂಜೆಯೇ ಅಮರಗೋಳದ ಮಾರುಕಟ್ಟೆಯಿಂದ ಉಳ್ಳಾಗಡ್ಡಿ ತುಂಬಿಕೊಂಡು ಅಪ್ಪ ಮಂಗಳೂರಿಗೆ ಹೋಗಬೇಕಿತ್ತು. ಹೋಗಲಿಲ್ಲ. ನನ್ನ ಪಕ್ಕದಲ್ಲಿ ಕೂತು ರೊಟ್ಟಿ, ಶೇಂಗಾ ಹಿಂಡಿ, ಮೊಸರು ತಿಂದ. ಅವನ ಅಂಗಿಯ ಡೀಸೆಲ್ ವಾಸನೆ ಅಡುಗೆಮನೆಯ ತುಂಬ ಇತ್ತು. ನಾನು ಎರಡು ರೊಟ್ಟಿ ಹೆಚ್ಚಿಗೆ ತಿಂದೆ. ಅತ್ತಿ ಹುಬ್ಬೇರಿಸಿ ನೋಡಿದಳು.

ಎರಡನೆಯ ದಿನ ಬೆಳಿಗ್ಗೆ ಎಂಜಿನ್ ಹಚ್ಚಿ ಅಪ್ಪ ನಾಲ್ಕೈದು ಸಲ ತಿರುಗಿಸಿದ. ಗುಳ್ಳೆ ಸಣ್ಣವಾದವು, ಸಾಸಿವೆಯಷ್ಟಾದವು, ಆಮೇಲೆ ಒಂದೂ ಬರಲಿಲ್ಲ. ಎಣ್ಣೆ ತಿಳಿಯಾಗಿ ನಿಂತಿತು. ಬಗ್ಗಿ ನೋಡಿದರೆ ಅದರೊಳಗೆ ನನ್ನ ಮುಖ, ಎರಡು ಜಡೆ ಕಾಣುತ್ತಿದ್ದವು. ಪಂಪಿನ ಅಳು ನಿಂತಿತ್ತು.

ಎರಡು ಸಲ ಬಡಿಯಬೇಕು. ಕೈ ಎತ್ತಿದೆ. ಎರಡು ಬಡಿದರೆ ಅಪ್ಪ ಇಳಿದು ಬಂದು ಜಾಕ್ ತೆಗೆಯುತ್ತಾನೆ, ಸ್ನಾನ ಮಾಡುತ್ತಾನೆ, ಹೋಗುತ್ತಾನೆ. ಆಮೇಲೆ ಹಂಚಿನ ಮೇಲಿನ ಗುಬ್ಬಿ, ಕಟ್ಟೆಯ ಮೇಲಿನ ಹುಣಸೆಬೀಜ. ನಾನು ಒಂದೇ ಸಲ ಬಡಿದೆ.

ಅಪ್ಪ ಮತ್ತೆ ತಿರುಗಿಸಿದ. ಒಂದು ಕ್ಷಣ ಬಿಟ್ಟು ಎಂಜಿನ್ ಬಂದ್ ಮಾಡಿ ಕೆಳಗಿಳಿದು ಬಂದ. ಡಬ್ಬಿ ನೋಡಿಬಿಡುತ್ತಾನೆಂದು ನಾನು ಅದಕ್ಕೆ ಅಡ್ಡ ಸರಿದೆ. ಅವನು ನೋಡಲಿಲ್ಲ. ಬಂಪರಿನ ಮೇಲೆ ನನ್ನ ಪಕ್ಕ ಕೂತು, ಭುಜ ತಿಕ್ಕಿಕೊಳ್ಳುತ್ತ, "ಎಣ್ಣಿ ಸ್ವಲ್ಪ ತಣ್ಣಗ ಆಗ್ಲಿ. ಅಕ್ಕಗ ಒಂದ್ ಕಪ್ ಚಹಾ ಕೇಳು," ಅಂದ.

ಆ ಚಹಾದ ಹೊತ್ತಿನಲ್ಲಿ ಅಪ್ಪ ಮಾತಾಡಿದ. ನಾಲ್ಕು ವರ್ಷದಲ್ಲಿ ಅಷ್ಟು ಮಾತಾಡಿರಲಿಲ್ಲ. ಅರಬೈಲ್ ಘಟ್ಟದಲ್ಲಿ ಮಂಗಗಳು ಲಾರಿಯ ಮೇಲೆ ಹಾರಿ ಉಳ್ಳಾಗಡ್ಡಿ ಕದ್ದು, ಕಚ್ಚಿ, ಕಣ್ಣೀರು ಸುರಿಸಿ ಮತ್ತೆ ನಮ್ಮ ಮೇಲೇ ಒಗೆಯುತ್ತವೆ ಎಂದು ಹೇಳಿದ. ಅಂಕೋಲೆಯಲ್ಲಿ ಲಾರಿ ನಿಲ್ಲಿಸಿ ಸಮುದ್ರಕ್ಕೆ ಮುಖ ತೊಳೆಯಲು ಹೋದರೆ ಉಪ್ಪಿಗೆ ಕಣ್ಣುರಿಯುತ್ತದೆ ಎಂದ. ನಾನು ಕೇಳಿದೆ, "ಅಪ್ಪಾ, ಸ್ಟೇರಿಂಗ್‌ನ್ಯಾಗ ಗಾಳಿ ಉಳದ್ರ ಏನಾಗ್ತೈತಿ?"

"ಇಂಥಾ ಬಯಲಿನ್ಯಾಗ ಏನೂ ಆಗೂದಿಲ್ಲ. ಘಟ್ಟದಾಗ ತಿರುವು ಬಂತಂದ್ರ, ನಾವು ತಿರುಗಿಸಿರ್ತೇವಿ, ಗಾಡಿ ಒಂದ್ ಗಳಿಗಿ ತಿರುಗೂದಿಲ್ಲ. ಆ ಒಂದ್ ಗಳಿಗಿ ಸಾಕು."

ಮತ್ತೆ ಹೋಗಿ ತಿರುಗಿಸಿದ. ತಿಳಿ ಎಣ್ಣೆ ನೋಡುತ್ತ ನಾನು ಮತ್ತೆ ಒಂದೇ ಸಲ ಬಡಿದೆ. ಮತ್ತೆ ಬಂಪರು, ಮತ್ತೆ ಮಾತು. ಮಧ್ಯಾಹ್ನದವರೆಗೆ ನಾಲ್ಕು ಸಲ ಹೀಗೆ ಆಯಿತು. ನಾಚಿಕೆ ಆಗುತ್ತಿತ್ತು, ಸುಳ್ಳೇಕೆ ಹೇಳಲಿ. ಆದರೆ ಅದಕ್ಕಿಂತ ಖುಷಿ ಜಾಸ್ತಿ ಇತ್ತು.

ಊಟದ ಹೊತ್ತಿಗೆ ಕಿರಾಣಿ ಅಂಗಡಿಯ ಕಾಕಾ ಬಿಸಿಲಲ್ಲಿ ಬಂದು ನಿಂತ. ಸಾಹುಕಾರರ ಫೋನು ಬಂದಿತ್ತಂತೆ. ನಾಲ್ಕು ಗಂಟೆಯೊಳಗೆ ಲಾರಿ ಬರದಿದ್ದರೆ ಮಾಲು ಬೇರೆ ಗಾಡಿಗೆ ಹೋಗುತ್ತದಂತೆ.

ಅಪ್ಪ ನನ್ನ ಕಡೆ ನೋಡಿದ. "ಇನ್ನೂ ಗುಳ್ಳಿ ಅದಾವಲ್ಲಾ ಅವ್ವಿ?"

ನಾನು ನೆಲ ನೋಡುತ್ತ, "ಹೂಂ," ಅಂದೆ.

"ಗಾಳಿ ಹೋಗವಲ್ದು ಅಂತ ಹೇಳ್ರಿ ಕಾಕಾ. ಗಾಳಿ ಇಟ್ಕೊಂಡು ಘಟ್ಟಾ ಇಳಿಸಾಕ ಆಗೂದಿಲ್ಲ. ಮಾಲು ಬ್ಯಾರೆ ಗಾಡಿಗೆ ಕೊಡ್ಲಿ."

ಕಾಕಾ ಹೋದ. ಅಪ್ಪ ನಟ್ ತಿರುಗಿಸುವ ಪಾನಾ ತೆಗೆದುಕೊಂಡು ಲಾರಿಯ ಕೆಳಗೆ ತೆವಳಿದ. "ಎಲ್ಲೋ ಒಂದ್ ನಟ್ ಸಡ್ಲ ಆಗಿರ್ಬೇಕು. ಅಲ್ಲಿಂದ ಗಾಳಿ ಎಳ್ಕೊಳಾಕತ್ತೈತಿ," ಅಂದ. ಸಡಿಲಾಗಿರಲಿಲ್ಲ. ಅವನು ಅದನ್ನು ಬಿಚ್ಚಲು ಪಟ್ಟ ಕಷ್ಟ ನೋಡಿದರೇ ಗೊತ್ತಾಗುತ್ತಿತ್ತು. ನೋಯುವ ಭುಜದಿಂದ ಜಗ್ಗಿ ಜಗ್ಗಿ, ಪಾನಾ ಜಾರಿ, ಬೆರಳಿನ ಗಂಟಿನ ತೊಗಲು ಕಿತ್ತುಬಂತು. ಇಲ್ಲಪ್ಪಾ, ನಾ ಸುಳ್ಳು ಬಡಿದೇನಿ, ಎದ್ದು ಬಾ ಎಂದು ಹೇಳಬೇಕು. ಬಾಯಿ ತೆಗೆದೆ. ಮಾತು ಬರಲಿಲ್ಲ. ಮಾತಿಲ್ಲದ ಮನೆಯಲ್ಲಿ ಬೆಳೆದವರಿಗೆ ಇದೊಂದು ರೋಗ, ಬೇಕಾದಾಗ ಬಾಯಿ ಏಳುವುದಿಲ್ಲ.

ನಟ್ ಬಿಚ್ಚಿತು. ಎಣ್ಣೆ ಸೋರಿತು. ಅಪ್ಪ ಅದನ್ನು ಮತ್ತೆ ಬಿಗಿದು, ಮೇಲೆ ಹತ್ತಿ ಎಂಜಿನ್ ಹಚ್ಚಿದ. ಈ ಸಲ ಡಬ್ಬಿಯಲ್ಲಿ ಖರೇನೇ ಗುಳ್ಳೆ ಬಂದವು. ನನ್ನ ಸುಳ್ಳು ನಿಜವಾಗಿತ್ತು. ನಾನು ಜೋರಾಗಿ ಒಂದು ಸಲ ಬಡಿದೆ, ಅಂಗೈ ಉರಿಯುವಂತೆ.

ಆ ಸಂಜೆ ಅಪ್ಪ ಕೇಶ್ವಾಪುರದಿಂದ ಮಿರ್ಚಿ ಭಜಿ, ಚುನಮರಿ ತಂದ. ಕಟ್ಟೆಯ ಮೇಲೆ ಕೂತು ನನ್ನೊಡನೆ ಚೌಕಾಬಾರಾ ಆಡಿದ. ಹುಣಸೆಬೀಜಗಳನ್ನು ಎತ್ತಿಕೊಟ್ಟು, "ಇವು ನಿನ್ನವು," ಅಂದೆ. ಗುಲಗಂಜಿ ಯಾರದೆಂದು ಅಪ್ಪ ಕೇಳಿದ. ಹೇಳಿದೆ. ಅವನು ಅವ್ವನ ಕಾಯಿಯನ್ನು ತನ್ನ ಸರದಿಯಾದ ಮೇಲೆ ತಾನೇ ನಡೆಸತೊಡಗಿದ, ಅದನ್ನು ಒಂದು ಸಲವೂ ಹೊಡೆಯಲಿಲ್ಲ. ಅವ್ವ ಗೆದ್ದಳು.

ಮೂರನೆಯ ದಿನ ಬೆಳಿಗ್ಗೆ ಎಣ್ಣೆ ಮತ್ತೆ ತಿಳಿಯಾಯಿತು. ಮತ್ತೆ ನನ್ನ ಮುಖ, ಎರಡು ಜಡೆ. ಅಪ್ಪನ ಬೆರಳಿಗೆ ಸುತ್ತಿದ ಅರಿಶಿಣದ ಅರಿವೆ ಕಣ್ಣ ಮುಂದೆ ಬಂತು. ಇನ್ನೊಂದು ನಟ್ ಬಿಚ್ಚಿಸುವ ಧೈರ್ಯ ನನಗಿರಲಿಲ್ಲ. ಒಂದು ಸಲ ಬಡಿದೆ. ಅಪ್ಪ ಸ್ಟೇರಿಂಗ್ ತಿರುಗಿಸಲು ಹೊರಡುವಷ್ಟರಲ್ಲಿ ಇನ್ನೊಂದು ಸಲ ಬಡಿದೆ. ಆ ಎರಡನೆಯದು ನನ್ನ ಕಿವಿಗೇ ಸರಿಯಾಗಿ ಕೇಳಿಸಲಿಲ್ಲ.

ಅಪ್ಪನಿಗೆ ಕೇಳಿಸಿತ್ತು. ಇಳಿದು ಬಂದ.

"ಖರೇನ?"

"ಖರೇ."

ಅವನು ಡಬ್ಬಿಯೊಳಗೆ ನೋಡಲೇ ಇಲ್ಲ. ಮುಚ್ಚಳ ಹಾಕಿ ತಿರುವಿದ. ನನ್ನ ತಲೆಯ ಮೇಲೆ ಒಮ್ಮೆ ಕೈಯಿಟ್ಟು, ಜಾಕ್ ತೆಗೆದ. ಮಧ್ಯಾಹ್ನ ಬೇರೆ ಮಾಲು ತುಂಬಿಕೊಂಡು ಮಂಗಳೂರಿಗೆ ಹೋದ. "ಐತವಾರ ಬರ್ತೇನಿ," ಅಂದಿದ್ದ.

ಆ ವಾರ ನಾನು ಅನುಭವಿಸಿದ್ದು ಶತ್ರುವಿಗೂ ಬೇಡ. ಇಲ್ಲದ ಗುಳ್ಳೆಯನ್ನು ಇದೆ ಅಂದ ಕಣ್ಣು ನನ್ನದು. ಇದ್ದ ಗುಳ್ಳೆಯನ್ನು ಇಲ್ಲ ಅಂದಿದ್ದರೆ? ಕೊನೆಗೆ ನೋಡುವಾಗ ಕಣ್ಣಲ್ಲಿ ನೀರಿತ್ತಲ್ಲ, ಸಾಸಿವೆಯಷ್ಟು ಒಂದು ಉಳಿದಿದ್ದರೆ? ಒಂದ್ ಗಳಿಗಿ ಸಾಕು ಅಂದಿದ್ದ ಅಪ್ಪ. ಊಟ ಸೇರಲಿಲ್ಲ. ಅತ್ತಿ ದೃಷ್ಟಿ ತೆಗೆದಳು. ಯಾಕೆಂದು ಕೂಗಿ ಹೇಳುವುದು ಹೇಗೆ? ಐತವಾರ ಬಯಲಲ್ಲಿ ಕಾದೆ. ಬರಲಿಲ್ಲ. ಸೋಮವಾರ ದೊಡ್ಡ ರಸ್ತೆಯ ತನಕ ಹೋಗಿ ಬೇವಿನ ಗಿಡದ ಕೆಳಗೆ ಕೂತೆ. ಬಂದ ಲಾರಿಗಳೆಲ್ಲ ಬೇರೆಯವರವು. ಸಂಜೆ ಅತ್ತಿ ಹುಡುಕಿಕೊಂಡು ಬಂದಳು. ಬೈಯಲಿಲ್ಲ, ಪಕ್ಕ ಕೂತು ತಾನೂ ರಸ್ತೆ ನೋಡಿದಳು. ಅವಳಿಗೆ ಹಾರ್ನ್ ಕೂಡ ಕೇಳುತ್ತಿರಲಿಲ್ಲ, ಪಾಪ.

ಮಂಗಳವಾರ ಮಧ್ಯಾಹ್ನ ಎರಡು ಸಲ ಹಾರ್ನ್ ಆಯಿತು. ಓಡಿದೆ. ಘಟ್ಟದಲ್ಲಿ ಯಾವುದೋ ಟ್ಯಾಂಕರ್ ಅಡ್ಡ ಬಿದ್ದು ಎರಡು ದಿನ ದಾರಿ ಬಂದ್ ಆಗಿತ್ತಂತೆ. ಅಪ್ಪ ಇಳಿಯುವ ಮೊದಲೇ ಕೇಳಿದೆ, "ಸ್ಟೇರಿಂಗ್ ಹೆಂಗೈತಿ?"

"ಬೆಣ್ಣಿ ಆಗೇತಿ. ನೀ ನೋಡಿ ಹೇಳಿದ್ದಲ್ಲಾ?"

ಅವನು ಬೆನ್ನು ತಿರುಗಿಸಿ ನಡೆದ ಮೇಲೆ ಗಾಲಿಗೆ ಹಣೆ ಹಚ್ಚಿ ಅತ್ತೆ. ಅಪ್ಪನಿಗೆ ಇದನ್ನು ಮುಂದೆ ಎಂದೂ ಹೇಳಲಿಲ್ಲ. ಹೇಳಬೇಕೆಂದು ಎಷ್ಟೋ ಸಲ ಅಂದುಕೊಂಡೆ. ನನ್ನಿಂದ ಒಂದು ಬಾಡಿಗೆ ಹೋಯಿತು, ಬೆರಳಿನ ತೊಗಲು ಹೋಯಿತು ಎಂಬ ಅಳುಕು ಬಹಳ ವರ್ಷ ಉಳಿಯಿತು. ಹನುಮಂತ ಮರಳಿ ಬಂದ, ಮಡ್ಗಾರ್ಡ್ ಮತ್ತೆ ಅವನದಾಯಿತು. ಅಪ್ಪ ಹಾಗೆ ಎರಡು ದಿನ ನನ್ನ ಜೊತೆಗೇ ಕಳೆದದ್ದು ಅದೇ ಮೊದಲು, ಅದೇ ಕೊನೆ.

ಈಗ ಆ ಬಯಲಿಲ್ಲ, ಹೊಲವಿಲ್ಲ. ಲಾರಿಯ ಜಾಗದಲ್ಲಿ ಮೂರಂತಸ್ತಿನ ಮನೆ ಎದ್ದಿದೆ. ಅತ್ತಿ ಇಲ್ಲ, ಅಪ್ಪನೂ ಇಲ್ಲ. ಅಪ್ಪ ಹೋಗಿ ಎರಡು ವರ್ಷವಾದ ಮೇಲೆ ನಾನೊಂದು ಹಳೆಯ ಕಾರು ತೆಗೆದುಕೊಂಡೆ. ಅದರ ಸ್ಟೇರಿಂಗು ಕುಂಯ್ ಅನ್ನತೊಡಗಿದಾಗ ಆ ಅಳು ಎಲ್ಲೋ ಕೇಳಿದ್ದೇನಲ್ಲ ಅನಿಸಿತು. ಕೇಶ್ವಾಪುರದ ಒಂದು ಸಣ್ಣ ಗ್ಯಾರೇಜಿಗೆ ಒಯ್ದೆ. ಮೇಸ್ತ್ರಿ ಮುಂದಿನ ಗಾಲಿ ಎತ್ತಿ, ಎಂಜಿನ್ ಹಚ್ಚಿ, ಒಬ್ಬನೇ ಒಳಗೆ ಕೂತು ತಿರುಗಿಸುತ್ತಿದ್ದ. ಡಬ್ಬಿಯ ಹತ್ತಿರ ಯಾರೂ ಇರಲಿಲ್ಲ.

"ಗುಳ್ಳಿ ಹೋದ್ವೋ ಇಲ್ಲೋ ಯಾರು ನೋಡ್ಬೇಕ್ರಿ?" ಕೇಳಿದೆ.

"ನೋಡಿದ್ರ ಛಲೋರಿ ಅಕ್ಕಾರ. ನೋಡದಿದ್ರೂ ಕೈಗೆ ಗೊತ್ತಾಗ್ತೈತಿ. ಗಾಳಿ ಇದ್ರ ಸ್ಟೇರಿಂಗ್ ಕೈಯಾಗ ನಡಗ್ತೈತಿ. ಹೋತಂದ್ರ ಬೆಣ್ಣಿ ಆಕ್ಕೈತಿ. ದಿನಾ ಗಾಡಿ ಹೊಡಿಯೋರಿಗೆ ಇದನ್ನ ಯಾರೂ ಹೇಳಬೇಕಾಗಿಲ್ಲ."

ಅಲ್ಲಿದ್ದ ಹಳೆಯ ಟೈರಿನ ಮೇಲೆ ಕೂತುಬಿಟ್ಟೆ. ಅಪ್ಪನ ಕೈಗೆ ಮೊದಲೇ ಗೊತ್ತಿತ್ತು. ತಿಳಿ ಎಣ್ಣೆಯ ಮುಂದೆ ನಾನು ಮೊದಲ ಸಲ ಒಂದೇ ಬಡಿದಾಗಲೇ ಗೊತ್ತಿತ್ತು. ಗೊತ್ತಿದ್ದೂ ಬಂಪರಿನ ಮೇಲೆ ಬಂದು ಕೂತ, ಮಂಗಗಳ ಕತೆ ಹೇಳಿದ, ಕಾಕಾನ ಎದುರಿಗೆ ನನ್ನ ಮಾತನ್ನೇ ಎತ್ತಿ ಹಿಡಿದು ಬಂದ ಮಾಲು ಬಿಟ್ಟ. ಮತ್ತೆ, ಬಿಗಿಯಾಗಿದ್ದ ಆ ನಟ್. ಅದನ್ನು ಬಿಚ್ಚಿದರೆ ಗಾಳಿ ಒಳಗೆ ಹೋಗುತ್ತದೆಂದು ಅವನಿಗೆ ತಿಳಿಯದೇ? ಮಗಳು ಇನ್ನು ಸುಳ್ಳು ಬಡಿಯಬೇಕಾಗದಿರಲಿ ಎಂದು ತೊಗಲು ಕಿತ್ತುಕೊಂಡು ಗಾಳಿ ಒಳಗೆ ಬಿಟ್ಟನೇ? ಇಲ್ಲ, ಅವನಿಗೂ ಹೋಗುವ ಮನಸ್ಸಿರಲಿಲ್ಲವೇ? ಅಷ್ಟು ದೊಡ್ಡ ಲಾರಿಯಲ್ಲಿ ಅವನೂ ಒಂಟಿಯಾಗಿದ್ದ ಎಂದು ನನಗೆ ಅಲ್ಲಿಯವರೆಗೆ ಹೊಳೆದಿರಲೇ ಇಲ್ಲ. ಕೇಳೋಣವೆಂದರೆ ಯಾರನ್ನು ಕೇಳುವುದು?

ಅದಕ್ಕೂ ಎರಡು ವರ್ಷ ಮೊದಲು, ಅಪ್ಪನನ್ನು ಸ್ಮಶಾನಕ್ಕೆ ಒಯ್ದ ದಿನ ಮನೆಯ ಮುಂದೆ ವ್ಯಾನು ನಿಂತಿತ್ತು. ಹೊತ್ತು ತಂದವರೆಲ್ಲ ಹತ್ತಿದ್ದರು, ಹಿಂದಿನ ಬಾಗಿಲು ಹಾಕಿಯಾಗಿತ್ತು. ಡ್ರೈವರ್ ಹುಡುಗ ಮುಂದೆ ನೋಡುತ್ತ, ಯಾರಾದರೂ ಬಡಿಯಲಿ ಎಂದು ಕಾಯುತ್ತಿದ್ದ. ನಾನು ಬಾಗಿಲಿನ ಹತ್ತಿರವೇ ಇದ್ದೆ. ಕೈ ತಾನೇ ಎದ್ದು ತಗಡಿನ ಮೇಲೆ ಒಂದು ಸಲ ಬಡಿಯಿತು. ವ್ಯಾನು ಅಲ್ಲಾಡಲಿಲ್ಲ. ಹುಡುಗ ಹಿಂತಿರುಗಿ ನೋಡಲಿಲ್ಲ, ಯಾಕೆಂದು ಕೇಳಲಿಲ್ಲ. ಒಂದು ನಿಮಿಷ ಹಾಗೆಯೇ ನಿಂತಿತ್ತು. ಆಮೇಲೆ ತಲೆಯೆಲ್ಲ ಬೆಳ್ಳಗಾದ ಹನುಮಂತ ಬಂದು, ನನ್ನ ಕೈಯನ್ನು ಮೆಲ್ಲಗೆ ಸರಿಸಿ, ಎರಡು ಸಲ ಬಡಿದ.